ಉಪ್ಪು ಬಿಟ್ಟವರು

ಮಹಾರಾಜರ ಕಾಲದಲ್ಲಿ ನನ್ನ ಅಪ್ಪ ಮಧುಗಿರಿಯಲ್ಲಿ ನಾಟಿ ವೈದ್ಯರಾಗಿದ್ದರು. ಪರಂಗಿ ಹುಣ್ಣಿನವರು ಮಾತ್ರ ಹಿತ್ತಲ ಬಾಗಿಲಿಂದ ಬರುತ್ತಿದ್ದರು. ಕೂಡುವುದರಿಂದ ಅಂಟುವ ರೋಗ, ಹೆಸರೆತ್ತುವಂತಿರಲಿಲ್ಲ. ಅಪ್ಪ ಕೊಡುವ ಪಾದರಸದ ಗುಳಿಗೆಗೆ ವಸಡು ಊದುತ್ತಿತ್ತು, ಇಪ್ಪತ್ತೊಂದು ದಿನ ಉಪ್ಪಿಲ್ಲದ ಪಥ್ಯ. ಹೆಂಡತಿ ಕೇಳಿದರೆ, "ದೇವರಿಗೆ ಉಪ್ಪು ಬಿಟ್ಟಿವ್ನಿ, ಹರಕೆ" ಅಂದರಾಯಿತು. ಪಾಪ, ಆ ಹೆಂಗಸರು ಸಪ್ಪೆ ಮುದ್ದೆ ಬಡಿಸಿ ಗಂಡನ ಭಕ್ತಿಗೆ ಕೈಮುಗಿಯುತ್ತಿದ್ದರು. ನನಗೂ ಅಕ್ಕನಿಗೂ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು.

ಪರಂಗಿಯವರು ಹಡಗಿನಲ್ಲಿ ತಂದ ಪಿಡುಗು ಎಂದು ಊರೆಲ್ಲ ಬೈಯುತ್ತಿತ್ತು. ಅಪ್ಪ ಒಪ್ಪುತ್ತಿರಲಿಲ್ಲ. "ಹಡಗು ಬಂದರಿಗೆ ಬಂತು, ಬುಡು. ಮಧುಗಿರೀಗೆ ಯಾವ ಸಮುದ್ರ ಐತೆ? ಇಲ್ಲೀಗಂಟ ನಮ್ಮೋರೇ ಹೊತ್ಕಂಡು ಬಂದ್ರು ಕಣಮ್ಮ."

ಅಕ್ಕನನ್ನು ನೋಡಲು ಶಿರಾದಿಂದ ಗಂಡು ಬಂತು. ಬೊಂಬಾಯಿಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಬಂದವನು, ಮಾತು ಬೆಣ್ಣೆ. ಊಟಕ್ಕೆ ಕೂತಾಗ ಸಾರು ಬೇಡವೆಂದ. "ಹರಕೆ ಅತ್ತೆ, ಉಪ್ಪು ಬಿಟ್ಟಿವ್ನಿ." ಅವ್ವ ಹಿಗ್ಗಿಹೋದಳು. ಅಪ್ಪ ಅವನ ಊದಿದ ವಸಡನ್ನೇ ನೋಡುತ್ತಿದ್ದರು. ಅವನು ಹೋದ ಮೇಲೆ ನಮಗಷ್ಟೇ ಕಾರಣ ಹೇಳಿ, ಸಂಬಂಧ ಬೇಡವೆಂದರು. ಉಳಿಸಿದೆಯಪ್ಪ ಎಂದು ಅಕ್ಕ ಅಪ್ಪನ ಕಾಲು ಹಿಡಿದು ಅತ್ತಳು.

ತಿಂಗಳೊಳಗೆ, ಅದೇ ಗಂಡಿಗೆ ಮಗಳನ್ನು ಕೊಡಲು ಹೊರಟ ತಂದೆಯೊಬ್ಬ ಕೊರಟಗೆರೆಯಿಂದ ಬಂದ. "ಆ ಗಂಡನ್ನ ಯಾಕೆ ಬ್ಯಾಡ ಅಂದ್ರಿ ಪಂಡಿತ್ರೇ?" ಊರ ಉಸಾಬರಿ ನಮಗ್ಯಾಕೆ ಎಂದು ಅವ್ವ ಒಳಗಿಂದಲೇ ಕಣ್ಣು ಮಾಡಿದಳು. ಅಪ್ಪನಿಗೂ ನಿಜ ಹೇಳಲು ಬಾಯಿ ಬರಲಿಲ್ಲ.

"ಸಾಲಾವಳಿ ಕೂಡಿ ಬರ್ಲಿಲ್ಲ" ಅಂದುಬಿಟ್ಟರು.

ಮದುವೆ ನಡೆಯಿತು. ಆ ಹುಡುಗಿಯ ಎರಡು ಕೂಸು ಹೊಟ್ಟೆಯಲ್ಲೇ ಹೋದವು. ಮೂರನೆಯದು ಹತ್ತು ದಿನ ಬದುಕಿತು. ನಾಗದೋಷವೆಂದು ಅರಳಿಕಟ್ಟೆಯಲ್ಲಿ ನಾಗರಕಲ್ಲು ನಿಲ್ಲಿಸಿದರಂತೆ. ಬೇರೆ ಕಡೆ ಮದುವೆಯಾಗಿ, ಬಾಣಂತನಕ್ಕೆ ಬಂದಿದ್ದ ಅಕ್ಕನ ಕಿವಿಗೆ ಸುದ್ದಿ ಬಿತ್ತು. ತನ್ನ ಮಗುವನ್ನು ಅವ್ವನ ಮಡಿಲಲ್ಲಿ ಮಲಗಿಸಿ ಅಪ್ಪನೆದುರು ನಿಂತಳು.

"ಜನ ಹಡಗನ್ನ ಬೈತಾರೆ. ಕೊರಟಗೆರೆ ಹುಡ್ಗೀಗೆ ಇದನ್ನ ಕಳ್ಸಿದ್ಯಾರಪ್ಪ?"

ಮರುದಿನವೇ ಅಪ್ಪ ಕೊರಟಗೆರೆಗೆ ಹೋಗಿ ನಿಜ ಹೇಳಿದರು. ಆ ತಂದೆ ಕದ ಹಾಕಿಕೊಂಡನಂತೆ. ನನಗೆ ಅಪ್ಪನ ಮೇಲೆ ಕೋಪವಿತ್ತು, ಅಕ್ಕ ಉಳಿದಳಲ್ಲ ಎಂಬ ಸಮಾಧಾನವೂ ಇತ್ತು. ಎರಡಕ್ಕೂ ಇವತ್ತಿಗೂ ನಾಚುತ್ತೇನೆ.

ಅಂದಿನಿಂದ ಸಾಯುವತನಕ ಅಪ್ಪ ಉಪ್ಪು ಮುಟ್ಟಲಿಲ್ಲ. ಯಾಕೆಂದು ಕೇಳಿದರೆ "ಹರಕೆ" ಅನ್ನುತ್ತಿದ್ದರು. ಅವರ ಗುಳಿಗೆ ನುಂಗಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು.