ಬಿರುಕಿಗೆ ಬಣ್ಣ ಹಚ್ಚದ ಚಕ್ರದಕ್ಕ

ಚಳಿಗಾಲ ಇನ್ನೇನು ಮುಗಿಯಬೇಕು, ಆದರೆ ಹೋಗುವ ಮನಸ್ಸಿಲ್ಲದೆ ಹಿತ್ತಿಲ ಗೋಡೆಗೆ ಒರಗಿಕೊಂಡು ನಿಂತಿದೆ. ಬೆಳಕು ಹರಿಯುವ ಮುಂಚೆಯೇ ಚಕ್ರದಕ್ಕ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಗಿಡ್ಡ ಮಣೆ ಹಾಕಿಕೊಂಡು ಕೂತಿದ್ದಾರೆ. ಕಲ್ಲಿನ ಮೇಲಿರುವುದು ಕಾರಿನ ಚಕ್ರ. ಪಕ್ಕದಲ್ಲಿ ಪಾತ್ರೆ ತೊಳೆಯುವ ಸೋಪು, ಸವೆದ ಹಲ್ಲುಜ್ಜುವ ಬ್ರಷ್ಷು, ಹಬೆಯಾಡುವ ಒಂದು ಬಕೆಟ್ ನೀರು. ಬ್ರೇಕಿನಿಂದ ಉದುರಿದ ಕರಿಪುಡಿ ಚಕ್ರದ ಸಂದುಗೊಂದುಗಳಲ್ಲಿ ಗಟ್ಟಿಯಾಗಿ ಮೆತ್ತಿಕೊಂಡಿದೆ. ಉಜ್ಜಿದಷ್ಟೂ ಕಪ್ಪು ನೀರು ಮೊಣಕೈಯವರೆಗೂ ಇಳಿಯುತ್ತದೆ.

“ಬಣ್ಣ ಹಚ್ಚೋದು ಕೊನೇಗೆ. ಅದಕ್ಕೆ ಮುಂಚೆ ಬರೀ ಸ್ನಾನ ಮಾಡ್ಸೋದು, ಉಜ್ಜೋದು, ಒರೆಸೋದು. ಎರಡು ದಿನದ ಕೆಲಸದಲ್ಲಿ ಬಣ್ಣದ್ದು ಅರ್ಧ ಗಂಟೆ. ನೋಡೋರಿಗೆ ಆ ಅರ್ಧ ಗಂಟೆ ಮಾತ್ರ ಕಾಣ್ಸುತ್ತೆ,” ಎನ್ನುತ್ತಾರೆ ಅವರು, ತಲೆ ಎತ್ತದೆ.

ಹನ್ನೊಂದು ವರ್ಷ ಒಂದು ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಿದ್ದವರು ಅವರು. ಗಂಡ ತೀರಿಕೊಂಡ ವರ್ಷವೇ ಗ್ಯಾರೇಜೂ ಬಾಗಿಲು ಹಾಕಿತು. ಹೋಗುವಾಗ ಅಲ್ಲಿನ ಪೇಂಟರೊಬ್ಬ ಅರ್ಧ ಉಳಿದ ಬೆಳ್ಳಿ ಬಣ್ಣದ ಡಬ್ಬಿಯನ್ನು ಕೈಗಿಟ್ಟು, ಮನೆ ಗೇಟಿಗಾದರೂ ಹಚ್ಚಿಕೊಳ್ಳಿ ಎಂದಿದ್ದನಂತೆ. ಅವರು ಗೇಟಿಗೆ ಹಚ್ಚಲಿಲ್ಲ. ಗುಜರಿಯಿಂದ ಒಂದು ಚಕ್ರ ತಂದು, ಹಚ್ಚಿ ಕೆರೆದು, ಹಚ್ಚಿ ಕೆರೆದು, ಆರನೆಯ ಸಲಕ್ಕೆ ಕೈ ಹಿಡಿತಕ್ಕೆ ತಂದುಕೊಂಡರು. ಈಗ ವಾರಕ್ಕೆ ಹನ್ನೆರಡು ಚಕ್ರ. ಒಂದೊಂದಕ್ಕೂ ಉಜ್ಜಲು ನಾಲ್ಕು ಹಾಳೆ ಉಪ್ಪುಕಾಗದ, ಅಡಿಗೆ ಒಂದು ತೆಳು ಪ್ರೈಮರು, ಮೂರು ತೆಳು ಬಣ್ಣ, ಮೇಲೆ ಎರಡು ಸಲ ವಾರ್ನಿಷ್ಷು. ಚಳಿಯ ತೇವಕ್ಕೆ ಬಣ್ಣ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಬಿಸಿಲು ಗೋಡೆಯಿಂದ ನೆಲಕ್ಕಿಳಿಯುವ ತನಕ ಸ್ಪ್ರೇ ಡಬ್ಬಿಯನ್ನು ಯಾರೂ ಮುಟ್ಟುವಂತಿಲ್ಲ.

ಟೈರಿಗೆ ಬಣ್ಣ ತಾಗದಂತೆ ಕಾಯುವುದು ಅತ್ತೆಯ ಕೆಲಸ. ಟೈರಿಗೂ ಲೋಹಕ್ಕೂ ನಡುವಿನ ಸಂದಿಯಲ್ಲಿ ಇಸ್ಪೀಟು ಎಲೆಗಳನ್ನು ಒಂದರ ಪಕ್ಕ ಒಂದು ಸಿಕ್ಕಿಸುತ್ತಾ ಹೋಗುತ್ತಾರೆ. ಸುತ್ತು ಮುಗಿದಾಗ ಚಕ್ರಕ್ಕೆ ಅಂಗಿಯ ಕಾಲರು ನಿಲ್ಲಿಸಿದ ಹಾಗಿರುತ್ತದೆ. ತಿಂಗಳಿಗೆ ಆರು ಕಟ್ಟು ಇಸ್ಪೀಟು ಕೊಳ್ಳುವ ಈ ಎಪ್ಪತ್ತರ ಮುದುಕಿಯನ್ನು ಅಂಗಡಿಯವನು ಬಹಳ ದಿನ ಅನುಮಾನದಿಂದಲೇ ನೋಡುತ್ತಿದ್ದ. ಒಂದು ದಿನ ತಡೆಯಲಾರದೆ, ಮನೆಯಲ್ಲಿ ಆಟ ಜೋರಾ ಎಂದು ಕೇಳಿಯೇಬಿಟ್ಟ. “ಜೋರೇ ಕಣಪ್ಪ, ಸೊಸೆ ಮುಂದೆ ಕೂತ್ರೆ ಒಂದು ಸಲಾನೂ ಎದ್ದೇಳಕ್ಕೆ ಬಿಡಲ್ಲ,” ಎಂದು ಅತ್ತೆ ಕಟ್ಟು ಎತ್ತಿಕೊಂಡು ಬಂದರು.

ಈ ಕೆಲಸದ ದೊಡ್ಡ ಪಾಠವನ್ನು ಚಕ್ರದಕ್ಕ ತಪ್ಪು ಮಾಡಿಯೇ ಕಲಿತರು. ಮೊದಲ ವರ್ಷ ಒಬ್ಬ ಟ್ಯಾಕ್ಸಿಯವನ ಚಕ್ರಕ್ಕೆ, ಎಲ್ಲೂ ಕೊರತೆ ಕಾಣದಿರಲೆಂದು, ನಟ್ಟು ಕೂರುವ ಗುಳಿಗಳಿಗೂ ಮೂರು ಸಲ ಬಣ್ಣ ಬಿಟ್ಟರು. ನಟ್ಟು ಬಿಗಿದಾಗ ಆ ಬಣ್ಣ ಪುಡಿಯಾಯಿತು, ಓಡುತ್ತಾ ಓಡುತ್ತಾ ನಟ್ಟು ಸಡಿಲವಾಯಿತು. ತಿರುವಿನಲ್ಲಿ ಟಕಟಕ ಸದ್ದು ಕೇಳಿ ಟ್ಯಾಕ್ಸಿಯವನು ಬ್ರೇಕು ಹಾಕಿದ. ಹಿಂದಿನ ಸೀಟಿನಲ್ಲಿ ಬಸುರಿಯೊಬ್ಬಳಿದ್ದಳು. ಅವನು ಬಂದು ಬೈಯಲಿಲ್ಲ, ಸಡಿಲವಾಗಿದ್ದ ಎರಡು ನಟ್ಟುಗಳನ್ನು ಚಕ್ರದಕ್ಕನ ಅಂಗೈ ಮೇಲಿಟ್ಟು ಹೋದ. ಅಂದಿನಿಂದ ಪ್ರತಿ ಗುಳಿಗೂ ಬಟ್ಟೆ ಸುತ್ತಿದ ಬೆಣೆ ಬಡಿದ ಮೇಲೆಯೇ ಬಣ್ಣ.

ಈ ಹೊತ್ತು ಕಲ್ಲಿನ ಮೇಲಿರುವ ಚಕ್ರ ಹಳೆಯ ಕಾರು ಮಾರುವವನದ್ದು. ವಾರದ ಹನ್ನೆರಡರಲ್ಲಿ ಒಂಬತ್ತು ಅವನಿಂದಲೇ ಬರುತ್ತವೆ. ಅವನು ಕೈಬಿಟ್ಟರೆ ಮನೆಯ ಒಲೆ ಅರ್ಧ ಆರಿದ ಹಾಗೆ. ಈ ಸಲ ತಂದ ನಾಲ್ಕರಲ್ಲಿ ಮೂರು ಸಿದ್ಧವಾಗಿ ಗೋಡೆಗೊರಗಿವೆ. ನಾಲ್ಕನೆಯದರ ಒಳಮೈಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಸೋಪಿಗೆ ಹೋಗಲಿಲ್ಲ. ಬಣ್ಣ ಕರಗಿಸುವ ಥಿನ್ನರಿನಲ್ಲಿ ಒರೆಸಿದರೆ ಮಾಯವಾಗಿ, ಒಂದು ಗಳಿಗೆಯಲ್ಲಿ ಮತ್ತೆ ಒಳಗಿಂದ ಜಿನುಗುತ್ತದೆ. ಗೀರಾದರೆ ಹೀಗೆ ಜಿನುಗುವುದಿಲ್ಲ. ಇದು ಬಿರುಕು. ಅವರು ಸೀಮೆಸುಣ್ಣ ತೆಗೆದುಕೊಂಡು ಅದರ ಸುತ್ತ ಎದ್ದು ಕಾಣುವಂತೆ ಒಂದು ಸುತ್ತು ಬರೆಯುತ್ತಾರೆ.

ಮಧ್ಯಾಹ್ನ ಕಾರು ಮಾರುವವನು ಬರುತ್ತಾನೆ. ಸೀಮೆಸುಣ್ಣದ ಗುರುತು ನೋಡಿ ನಗುತ್ತಾನೆ. ಗಿರಾಕಿ ಸಂಜೆ ಬರುತ್ತಾನೆ, ಬಿರುಕಿಗೆ ಸ್ವಲ್ಪ ಪುಟ್ಟಿ ತುಂಬಿಸಿ ಮೇಲೆ ಬಣ್ಣ ಎಳೆದುಬಿಡಿ, ಒಳಮೈ ಯಾರು ಬಗ್ಗಿ ನೋಡುತ್ತಾರೆ ಎಂಬುದು ಅವನ ವಾದ. ಚಕ್ರದಕ್ಕ ಕೈ ಒರೆಸಿಕೊಳ್ಳುತ್ತಾ, ಆಗುವುದಿಲ್ಲ ಎನ್ನುತ್ತಾರೆ. ಅವನು ಒಲಿಸಿ ನೋಡುತ್ತಾನೆ, ಆಮೇಲೆ ದನಿ ಏರಿಸುತ್ತಾನೆ. ಕಾರು ಇವರದಲ್ಲ, ಗಿರಾಕಿ ಇವರವನಲ್ಲ, ಇವರ ಕೆಲಸ ಹಚ್ಚುವುದಷ್ಟೆ. ಒಲ್ಲೆನೆಂದರೆ ಹಚ್ಚುವ ಕೈ ಊರಲ್ಲಿ ಬೇಕಾದಷ್ಟಿವೆ ಎನ್ನುತ್ತಾನೆ.

ಅತ್ತೆ ಇನ್ನೊಬ್ಬರ ಚಕ್ರಕ್ಕೆ ಎಲೆ ಜೋಡಿಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡುತ್ತಾರೆ. ಒಂಬತ್ತು ಚಕ್ರದ ಲೆಕ್ಕ ಅವರಿಗೂ ಗೊತ್ತು. ಆದರೂ ಮತ್ತೆ ಮುಂದಿನ ಎಲೆಯನ್ನು ಕೈಗೆತ್ತಿಕೊಳ್ಳುತ್ತಾರೆ.

“ನೋಡಪ್ಪ,” ಎನ್ನುತ್ತಾರೆ ಚಕ್ರದಕ್ಕ, “ಸವೆದಿದ್ದನ್ನ ಹೊಸದು ಮಾಡ್ತೀನಿ. ಮುರಿಯೋದನ್ನ ಮುಚ್ಚಲ್ಲ. ಈ ಮೂರರ ಕೂಲಿ ನಂಗೆ ಬೇಡ. ಆ ದುಡ್ಡಿಗೆ ನಿನ್ನದೂ ಇನ್ನಷ್ಟು ಸೇರ್ಸಿ, ಗಟ್ಟಿಯಾಗಿರೋ ಚಕ್ರ ಒಂದು ತಂದು ಹಾಕು.”

ಅವನು ಜೇಬಿಗೆ ಹಾಕಿದ ಕೈಯನ್ನು ಖಾಲಿಯೇ ಹೊರಗೆ ತೆಗೆಯುತ್ತಾನೆ. ನಾಲ್ಕನ್ನೂ ಡಿಕ್ಕಿಗೆ ಹೇರಿಕೊಂಡು, ಹೋಗಿ ಬರುತ್ತೇನೆಂದೂ ಹೇಳದೆ ಹೊರಡುತ್ತಾನೆ. ಮುಂದಿನ ವಾರ ಬರುತ್ತಾನೋ ಇಲ್ಲವೋ, ಚಕ್ರ ಬದಲಿಸುತ್ತಾನೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಮೂರು ಚಕ್ರದ ಕೂಲಿ ಅವನ ಬಳಿಯೇ ಉಳಿಯುತ್ತದೆ.

“ಹೋದ್ರೆ ಹೋಗ್ಲಿ ಬಿಡಿ ಅತ್ತೆ,” ಎಂದು ಬಕೆಟ್ಟಿನ ಕಪ್ಪು ನೀರು ಚೆಲ್ಲಿ, ಹೊಸ ನೀರು ತುಂಬಿಸುತ್ತಾರೆ. “ಮಾರೋಕೆ ಮುಂಚೆ ಆ ಸೀಮೆಸುಣ್ಣದ ಗುರುತನ್ನ ಅವನೇ ಕೈಯಾರೆ ಒರೆಸ್ಬೇಕು. ಒರೆಸೋವಾಗ ಒಳಗೇನಿದೆ ಅಂತ ಒಂದ್ಸಲ ನೋಡ್ಲೇಬೇಕಲ್ಲ.”