ಕಾಕಾನ ಹಲ್ಲಿಗೆ ಬಂದ ವೈರು

ಕಾಕಾ ವೈರನ್ನು ಹಲ್ಲಿನ ಹತ್ತಿರ ತಂದಿದ್ದರು. ಭಾಗ್ಯನಗರದ ನಮ್ಮ ಮಗ್ಗದ ಶೆಡ್ಡಿಗೆ ಕರೆಂಟಿನ ಬಿಲ್ಲು ತಗ್ಗಲೆಂದು ಹಾಕಿಸಿದ್ದ ಸೋಲಾರ್ ಫಲಕಗಳಿಂದ ಇಳಿದಿದ್ದ ವೈರುಗಳನ್ನು ಇಲಿ ಕಡಿದಿತ್ತು. ಮಧ್ಯಾಹ್ನ ಊರಿನ ಕರೆಂಟು ಹೋದದ್ದೇ ತಡ, ಅವರು ರಿಪೇರಿಗೆ ಏಣಿ ಹತ್ತಿದ್ದರು. ಹಲ್ಲಿನಿಂದಲೇ ವೈರು ಸುಲಿಯುವುದು ಅವರ ರೂಢಿ.

“ಲೈನ್ ಹೋಗೇತಿ, ಏನೂ ಆಗಂಗಿಲ್ಲ” ಎಂದರು. ವಿಜ್ಞಾನ ಓದಿದ ನಾನೂ ನಂಬಿ ಏಣಿ ಹಿಡಿದು ನಿಂತಿದ್ದೆ.

ಮೇಲೆ ಫಲಕ ತೊಳೆಯುತ್ತಿದ್ದ, ನಮ್ಮ ಶೆಡ್ಡಿನ ಕೆಲಸದ ಶಾಂತಕ್ಕ ಬಗ್ಗಿ ನೋಡಿ ಚೀರಿದಳು: “ಸಾವ್ಕಾರ್ರ, ಬಿಡ್ರಿ ಅದನ್ನ! ಲೈನ್ ಹೋದ್ರ ಸೂರ್ಯನೂ ಹೋಗ್ಯಾನೇನ್ರಿ?”

ಬೆಚ್ಚಿದ ಕಾಕಾ ಕೈಬಿಟ್ಟರು. ತುಂಡಾದ ವೈರುಗಳು ಒಂದಕ್ಕೊಂದು ತಾಗಿ, ಅವರ ಮುಖದ ಮುಂದೆಯೇ ಕಿಡಿ ಸಿಡಿಯಿತು.

ಈಗಲೂ ಹಗಲಲ್ಲಿ ಕರೆಂಟು ಹೋದರೆ ಉಳಿದವರು ಚಹಾ ಕುಡಿಯಲು ಏಳುತ್ತಾರೆ. ನಾನು, ಕಾಕಾ ಹತ್ತುವ ಮೊದಲೇ ಎತ್ತಿಡಲು, ಏಣಿಯತ್ತ ಓಡುತ್ತೇನೆ.