ಮೀನಿನ ಮೊಟ್ಟೆಯೊಳಗೆ ನಡೆದ ಬೆಳಕು

ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಉಫ್ ಮಾವ ಅಂತ. ಸೂಕ್ಷ್ಮದರ್ಶಕ ರಿಪೇರಿ ಅವರ ಕಸುಬು. ಲೆನ್ಸಿನ ಧೂಳಿಗೆ ರಬ್ಬರ್ ಬುಗ್ಗೆ ಒತ್ತಿ ಗಾಳಿ ಬಿಡುವಾಗ, ತಮಗೇ ಗೊತ್ತಿಲ್ಲದೆ ಬಾಯಲ್ಲೂ 'ಉಫ್' ಅನ್ನುತ್ತಿದ್ದರು. ಮೂವತ್ತೊಂದು ವರ್ಷ ನೂರಾರು ಯಂತ್ರ ಬಿಚ್ಚಿ ಜೋಡಿಸಿದ್ದರೂ ಅವುಗಳಲ್ಲಿ ಅವರು ನೋಡಿದ್ದು ಪರೀಕ್ಷೆಗೆಂದು ಗೀಟು ಕೊರೆದ ಒಂದು ಗಾಜಿನ ಪಟ್ಟಿಯನ್ನು ಮಾತ್ರ. ಗೀಟು ಚೊಕ್ಕವಾಗಿ ಕಂಡಿತೋ, ಚೀಲ ಹೆಗಲಿಗೆ.

ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳು ಕರೆಸಿದಳು. ಎರಡು ತಿಂಗಳಿಂದ ಅವಳ ಪ್ರಯೋಗ ಕೈಕೊಡುತ್ತಿತ್ತು. ಕತ್ತಲ ಪೆಟ್ಟಿಗೆಯಲ್ಲಿಟ್ಟ ಮೀನಿನ ಮೊಟ್ಟೆಯ ಮಂದ ಬೆಳಕನ್ನು ಸೂಕ್ಷ್ಮದರ್ಶಕದ ಕ್ಯಾಮೆರಾ ಹಿಡಿಯಬೇಕಿತ್ತು. ಪರದೆ ತುಂಬ ಬರೀ ಬಿಳಿ ಮಂಜು.

ಮಾವ ಪೆಟ್ಟಿಗೆಯೊಳಗೆ ತಲೆ ತೂರಿಸಿ, ಕಪ್ಪು ಬಟ್ಟೆ ಹೊದ್ದು ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರು. ಕಣ್ಣು ಕತ್ತಲಿಗೆ ಒಗ್ಗಿದಾಗ ಹೊರಗಿನ ಬೆಳಕು ಸೋರುತ್ತಿದ್ದ ಸಾಸಿವೆಯಷ್ಟು ತೂತು ಕಂಡಿತು. ಸ್ಕ್ರೂ ಬಿದ್ದುಹೋದ ಜಾಗ. ಹೊಸ ಸ್ಕ್ರೂ ಬಿಗಿದರು.

"ಗೀಟು ನೋಡಿ ಹೊರಡ್ತೀನಮ್ಮ."

"ಇವತ್ತು ಗೀಟು ಬೇಡ ಮಾವ, ಕೂತ್ಕೊಳ್ಳಿ. ಮೊಟ್ಟೇನೇ ನೋಡಿ."

ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಒಂದು ವಸ್ತುವನ್ನು ಅವಳು ಮೊದಲೇ ಮೊಟ್ಟೆಗೆ ಚುಚ್ಚಿಟ್ಟಿದ್ದಳು. ಈಗ ಗಂಡುಮೀನಿನ ವೀರ್ಯದ ಒಂದು ಹನಿ ಬಿಟ್ಟಳು.

ಪರದೆ ಕಪ್ಪಗಿತ್ತು. ಇದ್ದಕ್ಕಿದ್ದಂತೆ ಮೊಟ್ಟೆಯ ಒಂದು ತುದಿಯಲ್ಲಿ ಬೆಳಕು ಹುಟ್ಟಿತು. ಬಳೆಯ ಹಾಗೆ ಅಗಲವಾಗುತ್ತ, ನಿಧಾನಕ್ಕೆ ಮೊಟ್ಟೆಯನ್ನು ಸವರಿಕೊಂಡು ಹೋಗಿ, ಆಚೆ ತುದಿಯಲ್ಲಿ ಕೂಡಿ ಆರಿತು. ಎಲ್ಲ ಸೇರಿ ಎರಡೇ ನಿಮಿಷ.

"ಏನಮ್ಮ ಅದು?" ಮಾವನ ದನಿ ಪಿಸುಮಾತಿಗಿಳಿದಿತ್ತು.

"ನಮ್ಮ ಮೂಳೇಲಿರುತ್ತಲ್ಲ, ಅದೇ ಕ್ಯಾಲ್ಸಿಯಂ. ಮೊಟ್ಟೆಯೊಳಗೆ ಪುಟ್ಟ ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತೆ. ವೀರ್ಯಾಣು ಹೊಕ್ಕ ಕಡೆ ಒಂದು ಚೀಲ ಬಾಯಿ ಬಿಟ್ರೆ ಪಕ್ಕದ್ದೂ ಬಿಡುತ್ತೆ. ಹಾಗೇ ಇಡೀ ಮೊಟ್ಟೆಗೆ 'ಏಳು, ಶುರುಮಾಡು' ಅಂತ ಸುದ್ದಿ ಮುಟ್ಟುತ್ತೆ. ಆಮೇಲೆ ಕ್ಯಾಲ್ಸಿಯಂ ಮತ್ತೆ ಚೀಲದೊಳಕ್ಕೆ."

"ಮೀನಿಗೆ ಮಾತ್ರಾನಾ?"

"ನಿಮ್ಮ ಬೆರಳು ಈಗ ಸ್ಕ್ರೂ ತಿರುಗಿಸ್ತಲ್ಲ, ಆ ಸ್ನಾಯು ಬಿಗಿಯೋಕೂ ಇದೇ ಬೇಕು. ಎದೆಯ ಒಂದೊಂದು ಬಡಿತಕ್ಕೂ."

ಮಾವ ಹೆಬ್ಬೆರಳು ತೋರುಬೆರಳು ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ಐವತ್ತೆಂಟು ವರ್ಷದ ತಮ್ಮದೇ ಕೈಯನ್ನು ಯಾರದ್ದೋ ಕೈ ಎಂಬಂತೆ ತಿರುಗಿಸಿ ನೋಡಿದರು. ಆಮೇಲೆ ಸಂಕೋಚದಿಂದ ಕೇಳಿದರು: "ನನ್ನ ಹೆಂಡತಿಗೂ ಒಂದ್ಸಲ ತೋರಿಸ್ತೀಯಾ ತಾಯಿ?"

ಹೆಂಡತಿ ಹೆರಿಗೆ ವಾರ್ಡಿನ ನರ್ಸು. ಗುರುವಾರ ಮಧ್ಯಾಹ್ನ ಗೊಣಗಿಕೊಂಡೇ ಬಂದರು. "ಮೀನಿನ ಮೊಟ್ಟೆ ನೋಡೋಕೆ ರಜಾ ಹಾಕಿಸಿದ್ರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

ಬೆಳಕು ಹೊರಟಾಗ ಪರದೆಯತ್ತ ಬಾಗಿದರು. ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮನುಷ್ಯರಲ್ಲೂ ಹೀಗೇನಾ?"

"ನಮ್ಮ ಮೊಟ್ಟೇಲಿ ಒಂದೇ ಸಲ ಅಲ್ಲ ಅಮ್ಮ, ಗಂಟೆಗಟ್ಟಲೆ ಮತ್ತೆ ಮತ್ತೆ."

"ಸಾವಿರಾರು ಮಕ್ಕಳನ್ನ ಈ ಕೈಲಿ ಎತ್ಕೊಂಡಿದೀನಿ," ಅಂದರು ಅವರು. "ಜೀವ ಶುರುವಾಗೋದನ್ನ ಎಲ್ಲರಿಗಿಂತ ಮೊದಲು ನೋಡೋಳು ನಾನೇ ಅಂದ್ಕೊಂಡಿದ್ದೆ."

ಇನ್ನೊಂದು ತೋರಿಸು ಎಂದರು. ಅವತ್ತು ನಾಲ್ಕು ಮೊಟ್ಟೆ ನೋಡಿದರು. ಪ್ರತಿ ಸಲವೂ ಬೆಳಕು ಆಚೆ ತುದಿ ಮುಟ್ಟುವವರೆಗೆ ಮೂವರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.